ಮನೆ ಅವರದ್ದು, ರಸಮಟ್ಟ ಮಾತ್ರ ನಮ್ಮದು

ನಾನು ಸಾಗರದ ಕಡೆಯವನು. ಸಿವಿಲ್ ಡಿಪ್ಲೊಮಾ ಮುಗಿಸಿ, ಮನೆ, ಅಡಿಕೆ ಗೋದಾಮು ಅಂತ ಊರಲ್ಲೇ ಕಟ್ಟಿಸುವ ಕೆಲಸ ಮಾಡಿಕೊಂಡಿದ್ದೆ. 2001ರ ಜನವರಿ 26ರ ಬೆಳಿಗ್ಗೆ 8.46ಕ್ಕೆ ಗುಜರಾತಿನ ಕಛ್‌ನಲ್ಲಿ ಭೂಮಿ ನಡುಗಿತು. ತೀವ್ರತೆ 7.7. ಭುಜ್, ಭಚಾವ್, ಅಂಜಾರ್, ರಾಪರ್ ಸುತ್ತ ಊರಿಗೆ ಊರೇ ಮಣ್ಣಾಯಿತು. ಅಂಜಾರ್‌ನ ಇಕ್ಕಟ್ಟು ಬೀದಿಯಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲೆ ಮಕ್ಕಳ ಮೇಲೇ ಕಟ್ಟಡಗಳು ಬಿದ್ದವು.

ಆ ವರ್ಷದ ಮಳೆಗಾಲ ಕಳೆದ ಮೇಲೆ ಒಂದು ಸ್ವಯಂಸೇವಾ ಸಂಸ್ಥೆಯ ಜೊತೆ ನಾನು ಅಲ್ಲಿಗೆ ಹೋದೆ. ಹೊಸನಗರದ ಇಬ್ಬರು ಗಾರೆ ಮೇಸ್ತ್ರಿಗಳೂ ಬಂದರು. ಇಷ್ಟು ತಡವಾಗಿ ಹೋಗಿ ಎಂತ ಮಾಡ್ತೀರಿ ಮಾರಾಯ್ರೇ ಅಂತ ಊರಲ್ಲಿ ಕೇಳಿದವರಿದ್ದಾರೆ. ನಿಜ ಹೇಳಬೇಕೆಂದರೆ ನಮ್ಮಂಥವರಿಗೆ ಕೆಲಸ ಶುರುವಾಗುವುದೇ ಆಗ. ಮೊದಲ ದಿನಗಳಲ್ಲಿ ಜನರನ್ನು ಹೊರಗೆ ಎಳೆಯುವವರು ಅಕ್ಕಪಕ್ಕದ ಮನೆಯವರೇ. ಆಮೇಲೆ ಸೇನೆ, ವೈದ್ಯರು. ಆ ಹೊತ್ತಿನಲ್ಲಿ ಕರಣೆ ಹಿಡಿದು ಹೋದರೆ ನಾವೂ ಊಟಕ್ಕೆ ಒಂದು ಬಾಯಿ, ಅಷ್ಟೆ.

ತುರ್ತು ನೆರವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೇಶದ ಎಲ್ಲ ಕಡೆಯಿಂದ ಹಳೇ ಬಟ್ಟೆ ಬಂದು ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು, ಮುಟ್ಟುವವರಿರಲಿಲ್ಲ. ಮನೆ ಕಳೆದುಕೊಂಡವರಿಗೂ ಮರ್ಯಾದೆ ಇರುತ್ತದೆ ಅಲ್ವಾ? ತಿಳಿದ ಸಂಸ್ಥೆಗಳು ಒಂದು ಅಳತೆ ಇಟ್ಟುಕೊಂಡು ಕೆಲಸ ಮಾಡುತ್ತವೆ. 'ಸ್ಫಿಯರ್' ಎಂಬ ಕೈಪಿಡಿಯಲ್ಲಿ ಅದು ಇದೆ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, ಸೂರಿನ ಕೆಳಗೆ 3.5 ಚದರ ಮೀಟರ್ ಜಾಗ. ಕೇಳಿದರೆ ಸಣ್ಣದು ಅನಿಸುತ್ತದೆ. ಟಾರ್ಪಾಲಿನ ಕೆಳಗೆ ಆರು ಜನ ಮಲಗಿದ್ದನ್ನು ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ.

ನಾವು ಹೋಗುವ ಹೊತ್ತಿಗೆ ಸರ್ಕಾರದ ಸರ್ವೆ ಮುಗಿದಿತ್ತು. ಮನೆಗಳನ್ನು ಜಿ1ರಿಂದ ಜಿ5ರ ತನಕ ವಿಂಗಡಿಸಿದ್ದರು. ಜಿ1 ಅಂದರೆ ಸಣ್ಣ ಬಿರುಕು, ಜಿ5 ಅಂದರೆ ಪೂರ್ತಿ ನೆಲಸಮ. ಪರಿಹಾರ ಕಂತಿನಲ್ಲಿ ಬರುತ್ತಿತ್ತು. ಒಂದು ಹಂತದ ಕೆಲಸ ಸರಿಯಾಗಿದೆ ಎಂದು ಇಂಜಿನಿಯರ್ ಬರೆದುಕೊಟ್ಟರೆ ಮಾತ್ರ ಮುಂದಿನ ಕಂತು. ಸಂಸ್ಥೆಗಳ ಮುಂದೆ ಎರಡು ದಾರಿ ಇದ್ದವು. ಒಂದು, ಇಡೀ ಊರನ್ನು ದತ್ತು ತಗೊಂಡು, ಕಂಟ್ರಾಕ್ಟರ್ ಕರೆಸಿ ಸಾಲು ಮನೆ ಕಟ್ಟಿ ಬೀಗದ ಕೈ ಕೊಡುವುದು. ಇನ್ನೊಂದು, ಮನೆಯವರೇ ಕಟ್ಟಿಕೊಳ್ಳಲಿ ಎಂದು ಬಿಟ್ಟು, ಅವರ ಪಕ್ಕದಲ್ಲಿ ನಿಲ್ಲುವುದು. ಕಛ್‌ನಲ್ಲಿ ಬಹಳಷ್ಟು ಮನೆಗಳು ಎರಡನೇ ದಾರಿಯಲ್ಲೇ ಎದ್ದವು. 1998ರ ಕಾಂಡ್ಲಾ ಚಂಡಮಾರುತದ ನಂತರ ಅಲ್ಲಿನ ಸಂಸ್ಥೆಗಳು ಸೇರಿ 'ಅಭಿಯಾನ್' ಎಂಬ ಒಕ್ಕೂಟ ಕಟ್ಟಿಕೊಂಡಿದ್ದವು. ಅವರು ಊರುಗಳ ಗುಂಪಿಗೊಂದರಂತೆ 'ಸೇತು' ಕೇಂದ್ರ ತೆರೆದರು. ಯಾರಿಗೆ ಏನು ಬಂತು, ಏನು ಬಂದಿಲ್ಲ ಎಂಬುದು ಅಲ್ಲಿ ಸಿಗುತ್ತಿತ್ತು. ಹೊರಗಿನಿಂದ ಬಂದ ನಮ್ಮಂಥ ತಂಡಗಳಿಗೆ ದಾರಿ ತೋರಿಸಿದ್ದು ಅವೇ.

ಮೊದಲ ದಾರಿ ಹಿಡಿದವರನ್ನೂ ನೋಡಿದೆ. ಹೆಸರು ಬೇಡ. ದುಡ್ಡು ಕೊಟ್ಟ ಒಂದು ಕಡೆಯವರು ಎಲ್ಲ ಮನೆಯೂ ಒಂದೇ ಬಣ್ಣ ಇರಬೇಕು, ಬಾಗಿಲ ಮೇಲೆ ತಮ್ಮ ಹೆಸರಿನ ಕಲ್ಲು ಇರಬೇಕು ಎಂದು ಹಟ ಹಿಡಿದರು. ಮನೆ ಬೇಗ ಎದ್ದವು, ಸುಳ್ಳಲ್ಲ. ಆದರೆ ದನಕ್ಕೆ ಜಾಗ ಇರಲಿಲ್ಲ, ಹೊಲ ದೂರ. ಕೆಲವರು ಅದರೊಳಗೆ ಮೇವು ತುಂಬಿ, ಹಳೇ ಜಾಗದಲ್ಲೇ ಗುಡಿಸಲು ಹಾಕಿಕೊಂಡರು. 1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಲಾತೂರ್ ಭೂಕಂಪದ ನಂತರವೂ ಇದೇ ದೂರು ಇತ್ತು. ಅಲ್ಲಿ 52 ಊರುಗಳನ್ನು ಹೊಸ ಜಾಗಕ್ಕೆ ಎಬ್ಬಿಸಿದ್ದರು.

ನಮ್ಮ ಕೆಲಸ ಮೇಸ್ತ್ರಿಗಳಿಗೆ ತರಬೇತಿ. ಮೊದಲ ದಿನವೇ ನಮ್ಮ ಹಿರಿಯ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದರು.

"ಸಾರ್, ಇವರಿಗೆ ನಾವು ಎಂತ ಕಲಿಸೋದು? ಕಲ್ಲು ಕೆತ್ತೋದು ನಮಗಿಂತ ಇವರಿಗೇ ಚೆನ್ನಾಗಿ ಗೊತ್ತು."

ಮಾತು ನಿಜವೇ. ಅದಕ್ಕೇ ಪಾಠ ಮಾಡುವುದನ್ನು ಬಿಟ್ಟು, ಬಿದ್ದ ಗೋಡೆಗಳ ಹತ್ತಿರವೇ ಅವರನ್ನು ಕರೆದುಕೊಂಡು ಹೋದೆವು. ಇದು ಯಾಕೆ ಬಿತ್ತು, ನೀವೇ ಹೇಳಿ ಅಂದೆವು. ಕಲ್ಲಿನ ಗೋಡೆ ನೋಡಲು ಒಂದೇ ಕಂಡರೂ ಅದರಲ್ಲಿ ಎರಡು ಪದರ ಇರುತ್ತದೆ. ಹೊರಗೊಂದು, ಒಳಗೊಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ನೆಲ ಅಲುಗಿದಾಗ ಎರಡೂ ಬೇರೆಯಾಗಿ, ಒಂದು ಅಂಗಳಕ್ಕೆ, ಇನ್ನೊಂದು ಮಲಗಿದವರ ಮೇಲೆ ಬೀಳುತ್ತದೆ. ಲಾತೂರಿನಲ್ಲಿ ಇದರ ಜೊತೆ ಮಾಡಿನ ಮೇಲೆ ದಪ್ಪ ಮಣ್ಣಿನ ಭಾರವೂ ಇತ್ತು. ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತಿದ್ದರಲ್ಲಿ ಆ ಮಾಡಿನ ಪಾಲು ದೊಡ್ಡದು.

ಇದಕ್ಕೆ ಪರಿಹಾರ ಸರಳ. ಗೋಡೆಯ ಈ ಮುಖದಿಂದ ಆ ಮುಖದ ತನಕ ಹೋಗುವ ಉದ್ದ ಕಲ್ಲು ಇಡಬೇಕು. ಎತ್ತರದಲ್ಲಿ ಎರಡು ಅಡಿಗೊಂದು ಸಾಲು, ಉದ್ದಕ್ಕೆ ನಾಲ್ಕು ಅಡಿಗೊಂದು ಕಲ್ಲು. ಮೂಲೆಯಲ್ಲಿ ಒಂದು ವರಸೆ ಆಚೆ, ಒಂದು ವರಸೆ ಈಚೆ ಉದ್ದ ಕಲ್ಲು ಸಿಕ್ಕಿಸಬೇಕು. ಗೋಡೆ ಒಂದೂವರೆ ಅಡಿಗಿಂತ ದಪ್ಪ ಬೇಡ. ಕಿಟಕಿ, ಬಾಗಿಲು ಮೂಲೆಗೆ ತಾಗಿ ಬರಬಾರದು. ಆಮೇಲೆ ಕಾಂಕ್ರೀಟಿನ ಪಟ್ಟಿ. ಪಾಯದ ಮೇಲೊಂದು, ಬಾಗಿಲು, ಕಿಟಕಿಯ ಮೇಲಿನ ಲಿಂಟಲ್ ಮಟ್ಟದಲ್ಲೊಂದು, ಮಾಡಿನ ಕೆಳಗೊಂದು. ಲಿಂಟಲ್ ಬಾಗಿಲ ಮೇಲೆ ಮಾತ್ರ ಇದ್ದರೆ ಸಾಲದು, ಮನೆಯ ಸುತ್ತ ಎಲ್ಲೂ ತುಂಡಾಗದೆ ಓಡಬೇಕು. ಬೆಟ್ಟದಿಂದ ತರುವ ಸೊಪ್ಪಿನ ಹೊರೆಗೆ ಬಳ್ಳಿ ಬಿಗಿಯುತ್ತೇವಲ್ಲ, ಹಾಗೆ.

ಸಣ್ಣ ವಿಷಯಗಳಲ್ಲೇ ಜಗಳ ಜಾಸ್ತಿ. ಪಟ್ಟಿಯ ಕಂಬಿಗೆ ಹಾಕುವ ರಿಂಗಿನ ತುದಿಯನ್ನು ಒಳಕ್ಕೆ ಪೂರ್ತಿ ಬಗ್ಗಿಸಬೇಕು, 135 ಡಿಗ್ರಿ. ನೇರ ಮೂಲೆಗೆ ಬಗ್ಗಿಸಿ ಬಿಟ್ಟರೆ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಯಾರಿಗೂ ಕಾಣದ ಕೆಲಸ ಇದು, ಹಾಗಾಗಿ ಯಾರೂ ಮಾಡುವುದಿಲ್ಲ. ನೀರಿನದು ಬೇರೆ ಕಥೆ. ಮಲೆನಾಡಿನವರಾದ ನಮಗೆ ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು ನೀರುಣಿಸುವುದು ಎಂದರೆ ಪೈಪು ಹಿಡಿದು ನಿಂತರೆ ಆಯಿತು. ಕಛ್‌ನಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್. ಬಾವಿ ನೀರು ಎಷ್ಟೋ ಕಡೆ ಉಪ್ಪು, ಅದನ್ನು ಕಲಸಿದರೆ ಕಂಬಿ ತುಕ್ಕು ಹಿಡಿಯುತ್ತದೆ. ಗೋಣಿಚೀಲ ಒದ್ದೆ ಮಾಡಿ ಹೊದೆಸಿದೆವು. ಆ ಕೆಲಸ ಮನೆಯ ಹೆಂಗಸರ ಕೈಗೆ ಹೋಯಿತು. ಹೋಗಿದ್ದೇ ಒಳ್ಳೆಯದಾಯಿತು. ಮೇಸ್ತ್ರಿ ಹೇಳಿದ್ದಕ್ಕೆ ಗಂಡಸರು ಹೂಂ ಅನ್ನುತ್ತಿದ್ದರು. ಹೆಂಗಸರು ಬಂದು, ಉದ್ದ ಕಲ್ಲು ಎಲ್ಲಿ, ತೋರಿಸಿ ಅನ್ನುತ್ತಿದ್ದರು. ಅವರಿಗಾಗಿ ಚಿತ್ರದ ಒಂದು ಹಾಳೆ ಮಾಡಿದೆವು. ಪ್ರತಿ ಹಂತಕ್ಕೂ ಒಂದು ಚಿತ್ರ, ಪಕ್ಕದಲ್ಲಿ ಗುರುತು ಹಾಕಲು ಜಾಗ.

ಇಷ್ಟಾದರೂ ಜನ ನಂಬಿದ್ದು ಕಣ್ಣಾರೆ ಕಂಡ ಮೇಲೆಯೇ. ಅಲುಗಾಡುವ ಹಲಗೆಯ ಮೇಲೆ ಎರಡು ಪುಟ್ಟ ಮನೆ ಕಟ್ಟಿ ಒಟ್ಟಿಗೇ ಕುಲುಕಿಸುವ ಪ್ರದರ್ಶನ ಕಛ್‌ನಲ್ಲಿ ಆಗಿತ್ತು. ಪಟ್ಟಿ ಇಲ್ಲದ್ದು ಉದುರಿತು. ಪಟ್ಟಿ ಇದ್ದದ್ದು ಬಿರುಕು ಬಿಟ್ಟಿತು, ಆದರೆ ಬೀಳಲಿಲ್ಲ. ಅದಾದ ಮೇಲೆ ನಮ್ಮ ಮೇಸ್ತ್ರಿಗಳಿಗೆ ಸುಮ್ನೆ ವಾದ ಮಾಡುವ ಕೆಲಸ ತಪ್ಪಿತು.

ಕಲ್ಲು, ಸಿಮೆಂಟ್ ಬಿಟ್ಟು ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನವರು ಊರಿನ ಸಾಮಾನ್ಯ ಜನರಿಗೇ, ನೊಂದವರ ಮಾತು ಕೇಳುವುದು ಹೇಗೆ ಎಂದು ಕಲಿಸಿದ್ದರು. ಮೊದಲು ನನಗೆ ಇದರಲ್ಲಿ ಅಷ್ಟು ನಂಬಿಕೆ ಇರಲಿಲ್ಲ. ಆದರೆ ಮಗನನ್ನು ಕಳೆದುಕೊಂಡ ಒಬ್ಬರು ಪಾಯ ಹಾಕಿ ನಿಲ್ಲಿಸಿಬಿಟ್ಟಿದ್ದರು. ಕಂತಿನ ದುಡ್ಡು ಬಂದಿದೆ, ಕಲ್ಲು ಬಂದಿದೆ, ಕೆಲಸ ಇಲ್ಲ. "ಯಾರಿಗೆ ಕಟ್ಟಲಿ ಭಾಯ್?" ಅಂದರು. ಅದಕ್ಕೆ ಇಂಜಿನಿಯರ್ ಹತ್ತಿರ ಉತ್ತರ ಇಲ್ಲ. ಸಂಜೆ ಬಂದು ಕೂರುತ್ತಿದ್ದ ಆ ಊರಿನ ಹುಡುಗಿಯ ಜೊತೆ ಮಾತಾಡುತ್ತಾ ಅವರು ನಿಧಾನಕ್ಕೆ ಮತ್ತೆ ಶುರು ಮಾಡಿದರು.

ಊರಿಗೆ ವಾಪಸ್ ಬಂದ ಮೇಲೆ ಇದೆಲ್ಲ ಇಲ್ಲಿ ಯಾವ ಉಪಯೋಗಕ್ಕೆ ಅನ್ನುವವರಿದ್ದರು. ಆಗಿನ ಭೂಕಂಪ ಅಪಾಯದ ನಕ್ಷೆಯಲ್ಲಿ ಕಛ್ ಅತಿ ಅಪಾಯದ 5ನೇ ವಲಯದಲ್ಲಿತ್ತು, ನಮ್ಮದು ಅದಕ್ಕಿಂತ ಎಷ್ಟೋ ಕೆಳಗೆ. ಆದರೂ ಮಹಾರಾಷ್ಟ್ರದ ಕೊಯ್ನಾ ಇರುವುದು ಇದೇ ಸಹ್ಯಾದ್ರಿಯಲ್ಲಿ. 1967ರ ಡಿಸೆಂಬರ್‌ನಲ್ಲಿ ಅಲ್ಲಿ ಭೂಕಂಪಕ್ಕೆ ಸುಮಾರು 180 ಜನ ಸತ್ತರು. 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಶಿವಮೊಗ್ಗದ ಜನ ಭೂಕಂಪ ಎಂದೇ ಬೀದಿಗೆ ಓಡಿ ಬಂದಿದ್ದರಲ್ಲ. ಮರುದಿನದಿಂದ ನನ್ನ ಫೋನಿಗೆ ಬಿಡುವಿರಲಿಲ್ಲ. ಗೋಡೆ ಬಿರುಕು ಬಿಟ್ಟಿದೆ, ನೋಡಿ ಎಂದು. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಚೂರು ಅಂಟಿಸಿ, ತಾರೀಖು ಬರೆದು ಇಡಿ ಅಂದೆ. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ ಎಂದು ಅರ್ಥ, ಆಗ ಬಂದು ನೋಡುತ್ತೇನೆ.

ಕಛ್‌ನ ಪಾಠ ನಿಜವಾಗಿ ಉಪಯೋಗಕ್ಕೆ ಬಂದದ್ದು 2019ರ ಆಗಸ್ಟ್ ಮಳೆಗೆ. ಮಣ್ಣಿನ ಗೋಡೆ ನೆನೆದು ಕುಸಿದ ಮನೆಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬೇಕಾದಷ್ಟು. ಇಲ್ಲೂ ಎ, ಬಿ, ಸಿ ಅಂತ ವಿಂಗಡಣೆ, ಇಲ್ಲೂ ಕಂತು. ಹೆಚ್ಚು ಹಾನಿಯಾದ ಎ ವರ್ಗದ ಮನೆಗೆ ಆಗ 5 ಲಕ್ಷ. ನಾವು ಒಂದಷ್ಟು ಜನ ಸೇರಿ ಚಂದಾ ಎತ್ತಿದೆವು. ಎರಡು ಮನೆ ಕಟ್ಟಿಕೊಟ್ಟು ಫೋಟೋ ತೆಗೆಸಿಕೊಳ್ಳೋಣ ಎಂಬ ಮಾತು ಬಂತು. ನಾನು ಒಪ್ಪಲಿಲ್ಲ. ಆ ದುಡ್ಡಿನಲ್ಲಿ ಎಷ್ಟೋ ಮನೆಯವರ ಓಡಾಟ ಮುಗಿಸಬಹುದಿತ್ತು.

ಓಡಾಟ ಎಂದರೆ ಕಾಗದ. ಮಲೆನಾಡಿನಲ್ಲಿ ಗೋಡೆಗಿಂತ ದೊಡ್ಡ ಸಮಸ್ಯೆ ಅದು. ಮನೆ ಅಜ್ಜನ ಹೆಸರಲ್ಲಿ, ಪಂಚಾಯಿತಿಯ ಇ-ಸ್ವತ್ತು ದಾಖಲೆ ಆಗಿಲ್ಲ, ಅದರಿಂದ ಸಿಗುವ ಆಸ್ತಿಯ ನಮೂನೆ 9, 11 ಇಲ್ಲ. ಶರಾವತಿ ಮುಳುಗಡೆಯಿಂದ ಬಂದ ಕುಟುಂಬಗಳಲ್ಲಿ ಎಷ್ಟೋ ಜನರಿಗೆ ಇವತ್ತಿಗೂ ಜಾಗದ ಹಕ್ಕುಪತ್ರವೇ ಇಲ್ಲ. ಒಬ್ಬ ಹುಡುಗನಿಗೆ ಸಂಬಳ ಕೊಟ್ಟು ಪಂಚಾಯಿತಿ, ನಾಡಕಚೇರಿ, ಬ್ಯಾಂಕು ಸುತ್ತಲು ಇಟ್ಟೆವು. ನಾನು ಪಾಯದ ಹಂತಕ್ಕೊಮ್ಮೆ, ಲಿಂಟಲ್ ಹಂತಕ್ಕೊಮ್ಮೆ ಮಟ್ಟ ನೋಡುವ ರಸಮಟ್ಟ ಹಿಡಿದು ಹೋಗಿ ಬರುತ್ತಿದ್ದೆ. ನೆಲದಿಂದ ಎರಡು ಅಡಿ ಜಂಬಿಟ್ಟಿಗೆ ಕಲ್ಲು, ಸುತ್ತಲೂ ಲಿಂಟಲ್ ಪಟ್ಟಿ, ಮಾಡಿನ ಇಳಿಜಾರು ಗೋಡೆಯಿಂದ ಚೆನ್ನಾಗಿ ಹೊರಗೆ ಚಾಚಿರಬೇಕು. ಇಷ್ಟು ಮಾತ್ರ ನಮ್ಮ ಹಟ. ಒಳಗೆ ದೇವರ ಕೋಣೆ ಎಲ್ಲಿ, ಬಚ್ಚಲು ಎಲ್ಲಿ ಅನ್ನುವುದಕ್ಕೆ ನಾವು ಬಾಯಿ ಹಾಕಲಿಲ್ಲ.

ಚಂದಾ ದುಡ್ಡಿನಲ್ಲಿ ಅರ್ಧವನ್ನು ಮೊದಲ ವರ್ಷ ಮುಟ್ಟಲೇಬಾರದು ಎಂದು ಬರೆದಿಟ್ಟಿದ್ದೆವು. ಸಂಘದ ಕೆಲವರಿಗೆ ಸಿಟ್ಟು ಬಂತು. ಜನ ಮಳೆಯಲ್ಲಿದ್ದಾರೆ, ನೀವು ಬ್ಯಾಂಕಿನಲ್ಲಿ ಇಟ್ಟುಕೊಂಡು ಕೂತಿದ್ದೀರಿ ಅಂತ. ಆದರೆ ಕಛ್‌ನಲ್ಲಿ ನೋಡಿದ್ದೆ, ಎರಡನೇ ವರ್ಷದ ಹೊತ್ತಿಗೆ ಕೊಡುವವರೆಲ್ಲ ಬೇರೆ ಊರಿನ ಕಷ್ಟಕ್ಕೆ ಹೋಗಿರುತ್ತಾರೆ. ಇಲ್ಲೂ ಹಾಗೇ ಆಯಿತು. ಗೋಡೆ ಎದ್ದ ಎಷ್ಟೋ ಮನೆಗಳು ಮಾಡಿನ ಮರಕ್ಕೆ, ಅಂದರೆ ಪಕಾಸಿ, ರೀಪಿಗೆ ದುಡ್ಡಿಲ್ಲದೆ ನಿಂತವು. ಉಳಿಸಿದ್ದ ಹಣದಲ್ಲಿ ಮರ ಮತ್ತು ಮಂಗಳೂರು ಹೆಂಚು ಒಟ್ಟಿಗೇ ತರಿಸಿದೆವು. ಒಟ್ಟಿಗೆ ತಗೊಂಡಿದ್ದಕ್ಕೆ ಲಾರಿ ಬಾಡಿಗೆಯೂ ಕಡಿಮೆ ಬಿತ್ತು, ಮುಂದಿನ ಮಳೆಗೆ ಮೊದಲೇ ಮಾಡು ಮುಗಿಯಿತು.