ಅಜ್ಜಿಯ ಹಾಡಿಗೆ ಫೋಟೋ ಹೊಂದಿಸಿದ್ದು

ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬಿದಾಗ ನೆಂಟರೆಲ್ಲ ಸೇರುವ ದಿನಕ್ಕೆ ಒಂದು ಸ್ಲೈಡ್‌ಶೋ ಮಾಡಿದೆ. 144 ಫೋಟೋ, 12 ನಿಮಿಷದ ಸಂಗೀತ. ಮೊದಲು ಎರಡು ಕೊಳಲು ವಾದನ, ಕೊನೆಯ ನಾಲ್ಕೂವರೆ ನಿಮಿಷ ಅಜ್ಜಿ ಹಾಡಿದ ಹಸೆ ಹಾಡು. ಅಜ್ಜಿ ಈಗಿಲ್ಲ. ಚಿಕ್ಕಪ್ಪ ಟೇಪ್‌ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದು ಅದೊಂದೇ ಹಾಡು.

12 ನಿಮಿಷ ಅಂದರೆ 720 ಸೆಕೆಂಡ್. ತಲಾ 5 ಸೆಕೆಂಡ್ ಕೊಟ್ಟರೆ 144 ಫೋಟೋಗೆ ಸರಿಯಾಗುತ್ತದೆ, ಅಲ್ವಾ? ಹಾಗೇ ಜೋಡಿಸಿದೆ. ಆಮೇಲೆ ಒಂದು ಫೋಟೋ ಇನ್ನೊಂದರೊಳಗೆ ಮೆಲ್ಲಗೆ ಕರಗಲಿ ಅಂತ ಎಲ್ಲದರ ನಡುವೆ 1 ಸೆಕೆಂಡಿನ ಡಿಸಾಲ್ವ್ ಹಾಕಿದೆ. ಎಕ್ಸ್‌ಪೋರ್ಟ್ ಮಾಡಿ ನೋಡಿದರೆ 9 ನಿಮಿಷ 37 ಸೆಕೆಂಡಿಗೇ ಫೋಟೋ ಖಾಲಿ. ಅಜ್ಜಿಯ ದನಿ ಸಾಲಿನ ನಡುವೆಯೇ ನಿಂತುಹೋಯಿತು. ಎದೆ ಧಸಕ್ ಎಂದಿತು.

ಕಾರಣ ಗೊತ್ತಾಗಲು ಒಂದು ಸಂಜೆ ಹಿಡಿಯಿತು. ಡಿಸಾಲ್ವ್ ಆಗುವಾಗ ಎರಡು ಫೋಟೋ ಒಂದರ ಮೇಲೊಂದು ಇರುತ್ತವೆ. ಆ 1 ಸೆಕೆಂಡ್ ಎರಡಕ್ಕೂ ಸೇರಿದ್ದು, ಒಟ್ಟು ಹೊತ್ತಿನಲ್ಲಿ ಒಂದೇ ಸಲ ಎಣಿಕೆಯಾಗುತ್ತದೆ. 144 ಫೋಟೋ ನಡುವೆ 143 ಡಿಸಾಲ್ವ್. 720ರಲ್ಲಿ 143 ಕಳೆದರೆ 577. ಅದೇ 9 ನಿಮಿಷ 37 ಸೆಕೆಂಡ್! ತಲಾ 6 ಸೆಕೆಂಡ್ ಮಾಡಿದೆ. 864ರಲ್ಲಿ 143 ಹೋದರೆ 721. ಉದ್ದ ಕೂಡಿಬಂತು.

ಆದರೂ ನೋಡಲು ಸೊಗಸಿರಲಿಲ್ಲ. ಕೊಳಲು ಏರುವಾಗ ಫೋಟೋ ಸುಮ್ನೆ ನಿಂತಿರುತ್ತದೆ, ಕೊಳಲು ಇಳಿದ ಮೇಲೆ ಬದಲಾಗುತ್ತದೆ. ಪ್ರತಿ ಫೋಟೋಗೂ ಒಂದೇ ಅಳತೆ ಕೊಟ್ಟರೆ ಹೀಗೇ ಆಗುತ್ತದೆ. ಅದಕ್ಕೆ ಕೆಲಸವನ್ನು ತಿರುವುಮುರುವು ಮಾಡಿದೆ. ಫೋಟೋಗಳನ್ನೆಲ್ಲ ಪಕ್ಕಕ್ಕಿಟ್ಟು, ಬರೀ ಹಾಡು ಕೇಳುತ್ತಾ ಗುರುತು ಹಾಕಿಕೊಂಡೆ. ಆಡಾಸಿಟಿ ಎಂಬ ಆಡಿಯೋ ಎಡಿಟರ್‌ನಲ್ಲಿ ಹಾಡು ಓಡುತ್ತಿರುವಾಗ ಕಂಟ್ರೋಲ್ ಹಿಡಿದು ಎಂ ಒತ್ತಿದರೆ ಆ ಜಾಗಕ್ಕೆ ಲೇಬಲ್ ಬೀಳುತ್ತದೆ. ಕೊನೆಗೆ ಎಲ್ಲ ಲೇಬಲ್‌ಗಳನ್ನೂ ಸೆಕೆಂಡ್ ಸಮೇತ ಟೆಕ್ಸ್ಟ್ ಫೈಲಾಗಿ ತೆಗೆಯಬಹುದು.

ಕೊಳಲಿಗೆ ತಬಲಾ ಇತ್ತು, ಹಾಗಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಒತ್ತುತ್ತಾ ಹೋದೆ. ಅಜ್ಜಿಯ ಹಾಡಿಗೆ ತಾಳವಿಲ್ಲ. ಒಂದು ಸಾಲು 7 ಸೆಕೆಂಡ್, ಮುಂದಿನದು 11. ಇಷ್ಟು ಬೀಟಿಗೆ ಒಂದು ಫೋಟೋ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಇಲ್ಲಿ ಕೈಕೊಟ್ಟಿತು, ಕೊಡಲೇಬೇಕು. ಮೂರ್ನಾಲ್ಕು ಸಲ ಕೇಳಿದ ಮೇಲೆ ಹೊಳೆಯಿತು: ಸಾಲು ಮುಗಿದಲ್ಲೆಲ್ಲ ಅಜ್ಜಿ ಉಸಿರು ತೆಗೆದುಕೊಳ್ಳುತ್ತಾರೆ, ಅದು ಟೇಪಿನಲ್ಲಿ ಚೆನ್ನಾಗಿ ಕೇಳಿಸುತ್ತದೆ. ಫೋಟೋ ಬದಲಾಗಬೇಕಾದದ್ದು ಅಲ್ಲಿಯೇ. ಕೆಲವು ಫೋಟೋ 7 ಸೆಕೆಂಡ್ ನಿಂತವು, ಕೆಲವು 11. ಯಾರಿಗೂ ಅದು ಜಾಸ್ತಿ ಅನ್ನಿಸಲಿಲ್ಲ. ಈ ಭಾಗಕ್ಕೆ ಫೋಟೋ ಕಡಿಮೆ ಸಾಕಾಯಿತು. ಉಳಿದವನ್ನು ಕೊಳಲಿನ ಭಾಗಕ್ಕೆ ಸರಿಸಿದೆ, ಅಲ್ಲಿ ಬೇಗ ಬೇಗ ಬದಲಾದರೂ ಚೆಂದವೇ.

ಗುರುತು ಹಾಕುವಾಗ ಕಲಿತದ್ದು ಎರಡು. ಕೇಳಿ ಒತ್ತುವಷ್ಟರಲ್ಲಿ ಕೈ ತುಸು ತಡವಾಗುತ್ತದೆ. ನನ್ನದು 4-5 ಫ್ರೇಮ್ ತಡ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್, ಹಾಗಾಗಿ ಎಲ್ಲ ಗುರುತನ್ನೂ ಅಷ್ಟು ಹಿಂದಕ್ಕೆ ಎಳೆದೆ. ಇನ್ನೊಂದು, ಡಿಸಾಲ್ವ್ ಶುರುವಾಗುವ ಜಾಗವನ್ನು ಗುರುತಿಗೆ ಇಡಬಾರದು. ಆಗ ಹೊಸ ಮುಖ ಕಾಣಿಸುವುದೇ ಅರ್ಧ ಸೆಕೆಂಡ್ ಆದ ಮೇಲೆ. ಡಿಸಾಲ್ವಿನ ನಡುಭಾಗ ಗುರುತಿನ ಮೇಲೆ ಬರಬೇಕು. ಇಷ್ಟು ಮಾಡಿದ ಕೂಡಲೇ ಸ್ಲೈಡ್‌ಶೋಗೆ ಜೀವ ಬಂತು.

ಒಂದು ವಿಚಿತ್ರ ತೊಂದರೆ ಉಳಿದಿತ್ತು. ಅಜ್ಜಿಯ ಹಾಡನ್ನು ಮೊದಲಿಂದ ಕೇಳಿದರೆ ಸರಿ, ನಡುವೆ ಎಲ್ಲಾದರೂ ಕ್ಲಿಕ್ ಮಾಡಿ ಕೇಳಿದರೆ ಗುರುತಿಗೂ ದನಿಗೂ ತಾಳೆಯಾಗುತ್ತಿರಲಿಲ್ಲ. ಕ್ಯಾಸೆಟ್‌ನಿಂದ ಇಳಿಸಿಕೊಟ್ಟವರು ಎಂಪಿ3 ಕೊಟ್ಟಿದ್ದರು, ಅದೂ ಬಿಟ್‌ರೇಟ್ (ಒಂದೊಂದು ಸೆಕೆಂಡಿಗೆ ಬಳಸುವ ಡೇಟಾ) ಏರಿಳಿಯುವ ಬಗೆಯದು. ಅಂಥ ಫೈಲಿನಲ್ಲಿ ಯಾವ ಸೆಕೆಂಡ್ ಎಲ್ಲಿದೆ ಅಂತ ಕೆಲವು ಎಡಿಟರ್‌ಗಳು ಅಂದಾಜಿನ ಮೇಲೆ ಹೇಳುತ್ತವೆ. ಮೂರೂ ಹಾಡನ್ನು 48 ಕಿಲೋಹರ್ಟ್ಸ್, 16 ಬಿಟ್‌ನ, ಕುಗ್ಗಿಸದ ವೇವ್ ಫೈಲ್ ಮಾಡಿಕೊಂಡೆ. 12 ನಿಮಿಷಕ್ಕೆ ಸುಮಾರು 138 ಎಂಬಿ. ಜಾಗ ತಿಂದರೂ ಆಮೇಲೆ ಕಾಟ ಕೊಡಲಿಲ್ಲ. ಇದನ್ನು ಎಲ್ಲಕ್ಕಿಂತ ಮೊದಲೇ ಮಾಡಿಕೊಳ್ಳಿ, ನಾನು ಕೊನೆಗೆ ಮಾಡಿದ್ದರಿಂದ ಅಜ್ಜಿಯ ಹಾಡಿನ ಗುರುತುಗಳನ್ನೆಲ್ಲ ಮತ್ತೆ ಹಾಕಬೇಕಾಯಿತು.

ಹಿಂದಿನ ದಿನ ಸಂಜೆ ಹಾಲ್‌ನಲ್ಲಿ ಹಾಕಿ ನೋಡಿದೆವು. ಎಲ್ಲವೂ ತಪ್ಪಿತ್ತು! ಪ್ರತಿ ಫೋಟೋ ಹಾಡಿಗಿಂತ ಮುಂದೆ. ಮನೆಯಲ್ಲಿ ಸರಿಯಿದ್ದದ್ದು ಇಲ್ಲೇಕೆ ಹೀಗೆ? ಚಿತ್ರ ಪ್ರೊಜೆಕ್ಟರ್‌ಗೆ ತಂತಿಯಲ್ಲಿ ಹೋಗುತ್ತಿತ್ತು, ದನಿ ಮಾತ್ರ ಬ್ಲೂಟೂತ್ ಸ್ಪೀಕರ್‌ಗೆ. ಬ್ಲೂಟೂತ್‌ನಲ್ಲಿ ದನಿ ತಡವಾಗಿ ತಲುಪುತ್ತದೆ. ಮಾತಿನ ವಿಡಿಯೋದಲ್ಲಾದರೆ ತುಟಿ ನೋಡಿ ಥಟ್ಟನೆ ಗೊತ್ತಾಗುತ್ತದೆ, ಫೋಟೋದಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತದೆ ಅಷ್ಟೇ. ವಿಡಿಯೋ ಓಡಿಸುತ್ತಿದ್ದ ವಿಎಲ್‌ಸಿ ಪ್ಲೇಯರ್‌ನಲ್ಲಿ ಜೆ ಒತ್ತಿದಾಗಲೆಲ್ಲ ದನಿ 50 ಮಿಲಿಸೆಕೆಂಡ್ ಮುಂಚೆ ಬರುತ್ತದೆ. ನಾಲ್ಕು ಸಲ ಒತ್ತಿದಾಗ ಹತ್ತಿರ ಬಂತು. ಅಷ್ಟರಲ್ಲಿ ಭಾವ ಎಲ್ಲಿಂದಲೋ ಉದ್ದನೆಯ ಆಡಿಯೋ ಕೇಬಲ್ ತಂದರು. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ನೇರವಾಗಿ ಮಿಕ್ಸರ್‌ಗೆ ಕೊಟ್ಟೆವು. ವಿಎಲ್‌ಸಿಯ ಲೆಕ್ಕವನ್ನು ಮತ್ತೆ ಸೊನ್ನೆಗೆ ತಂದೆ. ಸರಿಹೋಯಿತು.

ಕೊನೆಯ ಒಂದು ಬದಲಾವಣೆ ರಾತ್ರಿ ಮನೆಗೆ ಬಂದು ಮಾಡಿದೆ. ಹಾಡು ಮುಗಿದ ಮೇಲೆ ಟೇಪಿನಲ್ಲಿ ಅಜ್ಜಿ ಚಿಕ್ಕಪ್ಪನನ್ನು "ಸಾಕೇನೋ?" ಅಂತ ಕೇಳುತ್ತಾರೆ. ಮೊದಲು ಅದನ್ನು ಕತ್ತರಿಸಿದ್ದೆ. ಮತ್ತೆ ಸೇರಿಸಿದೆ. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುವ ಅಜ್ಜಿಯ ಫೋಟೋವನ್ನು ಆ ಮಾತು ಮುಗಿಯುವ ತನಕ ನಿಲ್ಲಿಸಿದೆ. ಮಾರನೆಯ ದಿನ ಆ ದನಿ ಕೇಳಿ ಮುಂದಿನ ಸಾಲಿನಿಂದ ಚಿಕ್ಕಪ್ಪ "ಸಾಲ್ದಮ್ಮಾ" ಅಂದರು.