ರೂಲೆಟ್ ಆಡುವ ಮುಂಚೆ ಸೊನ್ನೆ ಎಣಿಸಿ
ಮನೆಯವರೆಲ್ಲ ಸೇರಿ ಕ್ಯಾಸಿನೊಗೆ ಹೋದರೆ, ರೂಲೆಟ್ (ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆ ಅಂತ ಪಣ ಕಟ್ಟುವ ಆಟ) ಮೇಜಿಗೆ ಕೂರುವ ಮೊದಲು ಚಕ್ರದಲ್ಲಿರುವ ಹಸಿರು ಮನೆಗಳನ್ನು, ಅಂದರೆ ಸೊನ್ನೆಗಳನ್ನು, ಎಣಿಸಿ. ಒಂದೇ ಸೊನ್ನೆ ಇರುವ ಮೇಜನ್ನೇ ಆರಿಸಿಕೊಳ್ಳಿ. ಒಂದು ಸೊನ್ನೆಯಿದ್ದರೆ ಒಟ್ಟು 37 ಮನೆ, ಎರಡಿದ್ದರೆ 38. ಗೆದ್ದಾಗ ಕೊಡುವ ಹಣ ಮಾತ್ರ ಎರಡರಲ್ಲೂ ಒಂದೇ. ಹಾಗಾಗಿ ಕಟ್ಟಿದ ಪ್ರತಿ 100ಕ್ಕೆ ಒಂದು ಸೊನ್ನೆಯ ಮೇಜಿನಲ್ಲಿ ಸರಾಸರಿ 2.7 ಹೋದರೆ, ಎರಡು ಸೊನ್ನೆಯದರಲ್ಲಿ 5.26 ಹೋಗುತ್ತದೆ. ಒಂದು ಸೊನ್ನೆಯ ಮೇಜಾದರೆ ಅದೇ ದುಡ್ಡಿನಲ್ಲಿ ಎಲ್ಲರೂ ಜಾಸ್ತಿ ಹೊತ್ತು ಆಡಬಹುದು, ಅಲ್ವಾ? ಅಂದಹಾಗೆ, ಒಬ್ಬರು ಕೆಂಪಿಗೆ, ಇನ್ನೊಬ್ಬರು ಕಪ್ಪಿಗೆ ಕಟ್ಟಿದರೆ ನಷ್ಟವೇ ಇಲ್ಲ ಅಂದುಕೊಳ್ಳಬೇಡಿ. ಸೊನ್ನೆ ಬಂದರೆ ಸಾಮಾನ್ಯವಾಗಿ ಎರಡೂ ಹೋಗುತ್ತವೆ. ಒಂದು ಸೊನ್ನೆಯ ಮೇಜಿನಲ್ಲಿ ಕನಿಷ್ಠ ಪಣ ಎರಡು ಸೊನ್ನೆಯ ಮೇಜಿನ ಪಣದ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ, ಜಾಸ್ತಿ ಹೊತ್ತು ಆಡುವ ಲೆಕ್ಕ ಕೈಕೊಡುತ್ತದೆ. ಆಗ ಸಣ್ಣ ಪಣದ ಮೇಜೇ ವಾಸಿ.