ಕಡಿಮೆ ಬೆಲೆಯ ಬರ್ಬನ್, ರೈ: ಬೆಳಗಾವಿಯ ನನ್ನ ಕಪಾಟಿನ ಲೆಕ್ಕ

ಬರ್ಬನ್, ಅಂದರೆ ಮುಖ್ಯವಾಗಿ ಗೋವಿನಜೋಳದಿಂದ ಮಾಡುವ ಅಮೆರಿಕದ ವಿಸ್ಕಿ, ಕೊಳ್ಳುವಾಗ ಬಾಟಲಿಯ ಅಂದ ನೋಡುವುದನ್ನು ಬಿಟ್ಟು ಬಹಳ ದಿನಗಳಾದವು. ಮೊದಲು ಮದ್ಯಸಾರದ ಶೇಕಡಾವಾರು ನೋಡುತ್ತೇನೆ, ಆಮೇಲೆ ಲೇಬಲ್ಲಿನ ಸಣ್ಣ ಅಕ್ಷರ, ಆಮೇಲೆ ಬಾಟಲಿಯ ಅಳತೆ, ಕೊನೆಗೆ ಬೆಲೆ. ಈ ಕ್ರಮದಲ್ಲಿ ಆರಿಸಿದ ಬಾಟಲಿಗಳೇ ಈಗ ನನ್ನ ಕಪಾಟಿನಲ್ಲಿವೆ. ಅವುಗಳಲ್ಲಿ ಒಂದೂ ಮೂರು ಸಾವಿರ ರೂಪಾಯಿ ದಾಟಿಲ್ಲ. ‘ಗೋವಿನಜೋಳದ ಹೆಂಡಕ್ಕೆ ಇಷ್ಟೊಂದು ಲೆಕ್ಕಾಚಾರವೇ?’ ಎನ್ನುತ್ತಿದ್ದ ಮಿತ್ರರೇ ಈಗ ಅಮೆರಿಕದಿಂದ ಬರುವ ತಮ್ಮ ಮಕ್ಕಳಿಗೆ ನನ್ನ ಚೀಟಿಯ ಫೋಟೊ ಕಳಿಸುತ್ತಾರೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನದು ಉದ್ಯಮಬಾಗದಲ್ಲಿ ಎರಕದ ಕೆಲಸ. ಕುಲುಮೆಗೆ ಹಾಕಿದ ಪ್ರತಿಯೊಂದರ ಲೆಕ್ಕ ಇಡದಿದ್ದರೆ ಅಲ್ಲಿ ಉಳಿಗಾಲವಿಲ್ಲ. ಅದೇ ಚಾಳಿಯನ್ನು ವಿಸ್ಕಿಗೂ ತಂದೆ.

ನಮ್ಮ ಊರಿನ ಅಂಗಡಿಗಳಲ್ಲಿ ನನಗೆ ಸಿಗುವುದು ಜಿಮ್ ಬೀಮ್, ಜಾಕ್ ಡೇನಿಯಲ್ಸ್, ಅದೃಷ್ಟವಿದ್ದರೆ ಮೇಕರ್ಸ್ ಮಾರ್ಕ್. ರೈ, ಅಂದರೆ ಅದೇ ಹೆಸರಿನ ಧಾನ್ಯದಿಂದ ಮಾಡುವ ವಿಸ್ಕಿ, ಕೇಳಿದರೆ ಅಂಗಡಿಯವರು ರಮ್ ತೋರಿಸುತ್ತಾರೆ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ ಶೇ 100ಕ್ಕೆ ಇಳಿಸಿದಾಗ ಬಹಳ ಆಸೆ ಹುಟ್ಟಿತ್ತು. ಆದರೆ ಅದರ ಮೇಲೆ ರಾಜ್ಯದ ಅಬಕಾರಿ ಸುಂಕ ಕೂತಿರುತ್ತದೆಯಲ್ಲ, ನಾನು ಕೊಡುವ ಬೆಲೆ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ‘ಗೋವಾ ಪಕ್ಕದಲ್ಲೇ ಇದೆ, ಅಲ್ಲಿಂದ ತರಿಸಿ’ ಎಂದು ಎಲ್ಲರೂ ಹೇಳುತ್ತಾರೆ. ಗೋವಾದಲ್ಲಿ ಅಗ್ಗ ನಿಜ, ಆದರೆ ನನ್ನ ಕಣ್ಣಿಗೆ ಬಿದ್ದ ಬರ್ಬನ್‌ಗಳು ಇಲ್ಲಿನವೇ ನಾಲ್ಕಾರು. ಪರವಾನಗಿ ಇಲ್ಲದೆ ಚೋರ್ಲಾ ಘಾಟ್ ಹತ್ತಿಸಿದರೆ ಚೆಕ್‌ಪೋಸ್ಟ್‌ನಲ್ಲಿ ಬಾಟಲಿಯೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಆ ದಾರಿಯನ್ನು ನಾನು ಯೋಚಿಸಿಯೂ ಇಲ್ಲ.

ಉಳಿದದ್ದು ವಿಮಾನದ ದಾರಿ. ವಿದೇಶದಿಂದ ಬರುವ ವಯಸ್ಕ ಪ್ರಯಾಣಿಕರು ಸುಂಕವಿಲ್ಲದೆ ಎರಡು ಲೀಟರ್ ತರಬಹುದು. ನಮ್ಮ ಅಣ್ಣನ ಮಗ ಟೆಕ್ಸಸ್‌ನಲ್ಲಿದ್ದಾನೆ, ಮಿತ್ರರ ಮಕ್ಕಳೂ ಅಲ್ಲಿ ಇಲ್ಲಿ ಇದ್ದಾರೆ. ಮೊದಮೊದಲು ಎಲ್ಲರೂ 750 ಮಿ.ಲೀ. ಬಾಟಲಿ ಎರಡು ತರುತ್ತಿದ್ದರು. ಅಂದರೆ ಒಂದೂವರೆ ಲೀಟರ್. ಮೂರು ತಂದರೆ ಮಿತಿ ದಾಟುತ್ತದೆ, ಎರಡು ತಂದರೆ ಅರ್ಧ ಲೀಟರ್ ದಂಡ. ಅಮೆರಿಕದ ಅಂಗಡಿಗಳಲ್ಲಿ ಅನೇಕ ಬ್ರ್ಯಾಂಡ್‌ಗಳಿಗೆ ಒಂದು ಲೀಟರ್ ಬಾಟಲಿಯೂ ಇರುತ್ತದೆ. ಕೆಳಗಿನ ಸಾಲಿನಲ್ಲಿ ಇಟ್ಟಿರುವುದರಿಂದ ಹುಡುಗರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಇನ್ನು ಮುಖ್ಯ ವಿಷಯ. ಕಸ್ಟಮ್ಸ್ ಮಿತಿ ಲೀಟರ್‌ಗೆ, ಒಳಗಿನ ಮದ್ಯಸಾರಕ್ಕಲ್ಲ. ವೈಲ್ಡ್ ಟರ್ಕಿ 101 ಎಂಬ ಬರ್ಬನ್‌ನಲ್ಲಿ ಮದ್ಯಸಾರ ಶೇ 50.5. ಒಂದು ಲೀಟರ್‌ಗೆ ಮನೆಯಲ್ಲಿ ನೀರು ಬೆರೆಸಿ ಶೇ 40ಕ್ಕೆ ಇಳಿಸಿದರೆ ಸುಮಾರು 1,260 ಮಿ.ಲೀ. ಆಗುತ್ತದೆ. ಎರಡು ಬಾಟಲಿಗೆ ಎರಡೂವರೆ ಲೀಟರ್. ಶೇ 40ರ 750 ಮಿ.ಲೀ. ಬಾಟಲಿ ಎರಡು ತಂದವನಿಗಿಂತ ಒಂದು ಲೀಟರ್ ಹೆಚ್ಚು! ನೀರನ್ನು ಬರ್ಬನ್‌ನ ತವರಾದ ಅಮೆರಿಕದ ಕೆಂಟಕಿಯಿಂದ ಹೊತ್ತು ತರುವ ಅಗತ್ಯವೇನು? ರಕ್ಕಸಕೊಪ್ಪ ಜಲಾಶಯದ ನೀರು ನಮ್ಮ ಮನೆಯ ನಲ್ಲಿಗೇ ಬರುತ್ತದೆ, ಕುದಿಸಿ ಆರಿಸಿದರೆ ಸಾಕು. ಈ ಲೆಕ್ಕವನ್ನು ಮೊದಲು ಹೇಳಿದಾಗ ನಮ್ಮ ವಕೀಲ ಮಿತ್ರರು ನಂಬಲಿಲ್ಲ. ಕಾಗದದ ಮೇಲೆ ಗುಣಾಕಾರ ಮಾಡಿ ತೋರಿಸಿದ ಮೇಲೂ ‘ರುಚಿ ಎಲ್ಲಿಂದ ಬರಬೇಕು?’ ಎಂದರು. ಆ ಪ್ರಶ್ನೆಗೆ ಉತ್ತರ ಮುಂದಿದೆ.

ಲೇಬಲ್ಲಿನಲ್ಲಿ ನಾನು ಹುಡುಕುವ ಮೊದಲ ಪದ ‘ಬಾಟಲ್ಡ್ ಇನ್ ಬಾಂಡ್’. 1897ರ ಅಮೆರಿಕದ ಕಾನೂನು ಅದು. ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಸರ್ಕಾರದ ನಿಗಾ ಇರುವ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಗೆ ಇಳಿಯುವಾಗ ಸರಿಯಾಗಿ 100 ಪ್ರೂಫ್, ಅಂದರೆ ಶೇ 50. ಎಲ್ಲಿ ಬಟ್ಟಿ ಇಳಿಸಿದ್ದು ಎಂಬ ಸಂಖ್ಯೆಯನ್ನೂ ಲೇಬಲ್ಲಿನಲ್ಲಿ ಹಾಕಲೇಬೇಕು. ಇವಾನ್ ವಿಲಿಯಮ್ಸ್ ಎಂಬ ಬರ್ಬನ್‌ನ ಬಿಳಿ ಲೇಬಲ್ ಮೇಲೆ ‘ಡಿಎಸ್‌ಪಿ-ಕೆವೈ-1’ ಎಂದಿರುತ್ತದೆ, ಅದು ಲೂಯಿವಿಲ್‌ನಲ್ಲಿರುವ ಹೆವನ್ ಹಿಲ್ ಕಂಪನಿಯ ಬರ್ನ್‌ಹೈಮ್ ಡಿಸ್ಟಿಲರಿ. ಇಷ್ಟೆಲ್ಲ ಖಾತರಿ ಕೊಟ್ಟು ಆ ಬಾಟಲಿಯ ಬೆಲೆ ಅಲ್ಲಿ ಹದಿನೆಂಟು, ಇಪ್ಪತ್ತು ಡಾಲರ್. ನಮ್ಮ ಲೆಕ್ಕದಲ್ಲಿ 1,700 ರೂಪಾಯಿ ಆಸುಪಾಸು. ಇದಕ್ಕಿಂತ ಒಳ್ಳೆಯ ವ್ಯಾಪಾರ ವಿಸ್ಕಿಯಲ್ಲಿ ನಾನು ಕಂಡಿಲ್ಲ.

ಎರಡನೆಯದು ‘ಸ್ಟ್ರೇಟ್’ ಎಂಬ ಪದ. ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಎಂಬುದು ಎಲ್ಲರಿಗೂ ಗೊತ್ತು. ನಾಲ್ಕು ವರ್ಷಕ್ಕಿಂತ ಕಡಿಮೆಯಾದರೆ ವಯಸ್ಸನ್ನು ಲೇಬಲ್ಲಿನಲ್ಲಿ ಹೇಳಲೇಬೇಕು ಎಂಬುದನ್ನು ಅನೇಕರು ಮರೆಯುತ್ತಾರೆ. ಹಾಗಾಗಿ ‘ಸ್ಟ್ರೇಟ್’ ಎಂದಿದ್ದು ವಯಸ್ಸು ಕಾಣದಿದ್ದರೆ ಗಾಬರಿ ಬೇಡ, ನಾಲ್ಕು ಆಗಿದೆ ಎಂದೇ ಅರ್ಥ.

ಮೂರನೆಯದು ಧಾನ್ಯದ ಪ್ರಮಾಣ. ಹಣ ಉಳಿಯುವುದು ಇಲ್ಲೇ. ಜಿಮ್ ಬೀಮ್ ಕಂಪನಿಯಲ್ಲಿ ರೈ ಹೆಚ್ಚು, ಸುಮಾರು ಶೇ 27 ಇರುವ ಒಂದು ಮಿಶ್ರಣವಿದೆ. ಅದೇ ಬೇಸಿಲ್ ಹೇಡನ್ ಆಗಿ ಶೇ 40ಕ್ಕೆ ಇಳಿದು ಚೆಂದದ ಬಾಟಲಿಯಲ್ಲಿ ಬರುತ್ತದೆ, ಅದೇ ಓಲ್ಡ್ ಗ್ರ್ಯಾಂಡ್‌ಡ್ಯಾಡ್ ಬಾಂಡೆಡ್ (ಅಂದರೆ ಬಾಟಲ್ಡ್ ಇನ್ ಬಾಂಡ್) ಆಗಿ ಶೇ 50ಕ್ಕೆ ಬರುತ್ತದೆ. ಒಂದೇ ಗಾಣದ ಎಣ್ಣೆಯನ್ನು ಎರಡು ಸೀಸೆಗೆ ತುಂಬಿ ಮಾರಿದ ಹಾಗೆ. ತೆಳುವಾದದ್ದಕ್ಕೆ ಬೆಲೆ ಒಂದೂವರೆ ಪಟ್ಟು, ಗಟ್ಟಿಯಾದದ್ದು ಇಪ್ಪತ್ತೈದು ಡಾಲರ್ ಸುತ್ತಮುತ್ತ. ಹೆವನ್ ಹಿಲ್‌ನಲ್ಲಿ ಇವಾನ್ ವಿಲಿಯಮ್ಸ್‌ಗೂ ಎಲೈಜಾ ಕ್ರೇಗ್‌ಗೂ ಧಾನ್ಯ ಒಂದೇ, ಆದರೆ ಅಲ್ಲಿ ಎಲೈಜಾ ಕ್ರೇಗ್‌ಗೆ ವಯಸ್ಸು ಹೆಚ್ಚು, ಕೊಟ್ಟ ಹಣಕ್ಕೆ ಅರ್ಥವಿದೆ. ಬಫಲೋ ಟ್ರೇಸ್‌ನ ವೆಲ್ಲರ್ ಕಥೆ ಬೇರೆ. ರೈ ಬದಲು ಗೋಧಿ ಹಾಕುವ ಮಿಶ್ರಣ ಅದು. ಲಕ್ಷಗಟ್ಟಲೆಗೆ ಮಾರುವ ಪ್ಯಾಪಿ ವ್ಯಾನ್ ವಿಂಕಲ್‌ನದೂ ಅದೇ ಧಾನ್ಯ ಎಂಬ ಸುದ್ದಿ ಹಬ್ಬಿದ ಮೇಲೆ ಅಂಗಡಿಯವರು ವೆಲ್ಲರ್ ಬೆಲೆಯನ್ನು ಏರಿಸಿ ಕೂತಿದ್ದಾರೆ. ಅದರ ಬೆನ್ನು ಹತ್ತಬೇಡಿ. ಗೋಧಿಯ ಮೃದುತನವೇ ಬೇಕೆಂದರೆ ಮೇಕರ್ಸ್ ಮಾರ್ಕ್ ಇದೆ, ಶೇ 45, ನಮ್ಮಲ್ಲೂ ಸಿಗುತ್ತದೆ.

ರೈಯಲ್ಲಿ ಹುಷಾರಾಗಿರಬೇಕು. ಇಂಡಿಯಾನಾದ ಲಾರೆನ್ಸ್‌ಬರ್ಗ್‌ನಲ್ಲಿ ಶೇ 95 ರೈ ಹಾಕಿ ಮಾಡುವ ಒಂದೇ ವಿಸ್ಕಿ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಬುಲೆಟ್ ರೈ ಹೆಸರು ಮಾಡಿದ್ದು ಅದರಿಂದಲೇ. ವಿಸ್ಕಿ ಒಳ್ಳೆಯದೇ, ಸಬ್ಬಸಿಗೆ, ಪುದೀನದ ವಾಸನೆ ಮೂಗಿಗೆ ಹೊಡೆಯುತ್ತದೆ. ಆದರೆ ಅದನ್ನೇ ಮೂರು ಹೆಸರಿನಲ್ಲಿ ಮೂರು ಬೆಲೆಗೆ ಕೊಂಡರೆ ಸಂಗ್ರಹವಾಗುವುದಿಲ್ಲ. ಎಲ್ಲಿ ಬಟ್ಟಿ ಇಳಿಸಿದ್ದು ಎಂಬ ಸಾಲಿನಲ್ಲಿ ಇಂಡಿಯಾನಾ ಎಂದಿದ್ದರೆ ಒಂದೇ ಬಾಟಲಿ ಸಾಕು. ಕೆಂಟಕಿ ಶೈಲಿಯ ರೈಗೆ ನಾನು ರಿಟನ್‌ಹೌಸ್ ಇಟ್ಟಿದ್ದೇನೆ. ಬಾಂಡೆಡ್, ಶೇ 50, ಮೂವತ್ತು ಡಾಲರ್ ಒಳಗೆ. ರೈ ಕನಿಷ್ಠ ಮಿತಿಯಾದ ಶೇ 51ರ ಹತ್ತಿರವೇ ಇರುವುದರಿಂದ ಬರ್ಬನ್ ಕುಡಿದವರಿಗೆ ಪರಕೀಯ ಎನಿಸುವುದಿಲ್ಲ.

ಹಾಳಾದ ಹಣದ ಲೆಕ್ಕವನ್ನೂ ಹೇಳಬೇಕು. ಈ ಕ್ರಮ ಗಟ್ಟಿಯಾಗುವ ಮೊದಲು ಎಲ್ಲ ಸೇರಿ ಇಪ್ಪತ್ತೈದು ಸಾವಿರವಾದರೂ ಹೋಗಿದೆ. ಒಂದು ಸಣ್ಣ ಡಿಸ್ಟಿಲರಿಯ ಬಾಟಲಿಗೆ ಅರವತ್ತು ಡಾಲರ್ ದಾಟಿತ್ತು. ಮರದ ಮುಚ್ಚಳ, ಕೈಯಲ್ಲಿ ಬರೆದ ಸಂಖ್ಯೆ, ಎಲ್ಲವೂ ಇತ್ತು. ಹಿಂದೆ ಅತಿ ಸಣ್ಣ ಅಕ್ಷರದಲ್ಲಿ ಎರಡು ವರ್ಷವೂ ತುಂಬದ ವಯಸ್ಸು. ತೆರೆದರೆ ಹಸಿ ಗೋವಿನಜೋಳದ ಹಿಟ್ಟಿನ ವಾಸನೆ, ಗಂಟಲಿನಲ್ಲಿ ಉರಿ. ಆರು ತಿಂಗಳು ಇಟ್ಟು ನೋಡಿದೆವು, ಗಾಜಿನೊಳಗೆ ವಿಸ್ಕಿ ಬೆಳೆಯುವುದಿಲ್ಲ. ಇನ್ನೊಂದು, ದ್ರಾಕ್ಷಾರಸದ ಪೀಪಾಯಿಯಲ್ಲಿ ಕೊನೆಯ ಕೆಲವು ತಿಂಗಳು ಇಟ್ಟದ್ದು. ಮೊದಲ ಗುಟುಕು ಸೊಗಸು, ಮೂರನೆಯದಕ್ಕೆ ಪಾನಕ. ಮತ್ತೊಂದು ಸೂಟ್‌ಕೇಸಿನಲ್ಲೇ ಸೋರಿ ಮಿತ್ರರ ಸೊಸೆಯ ಬನಾರಸ್ ಸೀರೆಯ ಪಾಲಾಯಿತು. ಅಂದಿನಿಂದ ಪ್ರತಿ ಬಾಟಲಿಯ ಕೊರಳಿಗೆ ಟೇಪ್, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಜೀನ್ಸ್ ಪ್ಯಾಂಟಿನ ಕಾಲು.

ಈಗ ವಕೀಲ ಮಿತ್ರರ ಪ್ರಶ್ನೆ. ಅವರ ಬಳಿ ಎಂಟು ಸಾವಿರ ಕೊಟ್ಟ ಸ್ಕಾಚ್ ಸಿಂಗಲ್ ಮಾಲ್ಟ್ ಇತ್ತು. ‘ಕಣ್ಣು ಮುಚ್ಚಿ ಹೇಳುತ್ತೇನೆ’ ಎಂದರು. ಹಾಗೇ ಮಾಡೋಣ ಎಂದೆ. ಗಾಜಿನ ಲೋಟದಲ್ಲಿ ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ, ಆದ್ದರಿಂದ ಮನೆಯ ಸ್ಟೀಲ್ ಲೋಟಗಳು. ತಳಕ್ಕೆ ಕಾರ್ಖಾನೆಯಲ್ಲಿ ಎರಕದ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಸಂಖ್ಯೆ. ಸುರಿಯುವವನು ನಮ್ಮ ಹುಡುಗ, ಅವನು ಕುಡಿಯುವುದಿಲ್ಲ, ಸುರಿದ ಮೇಲೆ ಕೋಣೆಯಲ್ಲಿ ನಿಲ್ಲುವುದೂ ಇಲ್ಲ. ಎಲ್ಲವನ್ನೂ ಶೇ 43ಕ್ಕೆ ತರಬೇಕು, ಇದನ್ನು ಬಿಟ್ಟರೆ ಪರೀಕ್ಷೆಯೇ ಸುಳ್ಳು. ಶೇ 50ರ 60 ಮಿ.ಲೀ.ಗೆ 10 ಮಿ.ಲೀ. ನೀರು ಹಾಕಿದರೆ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತದೆ. ಮಕ್ಕಳ ಔಷಧಿಯ ಸಿರಿಂಜ್ ಇದಕ್ಕೆ ಬಹಳ ಚೆನ್ನ. ಬೆರೆಸಿ ಹತ್ತು ನಿಮಿಷ ಬಿಡಬೇಕು. ಒಂದೊಂದು ಲೋಟಕ್ಕೆ 15 ಮಿ.ಲೀ., ಹೆಚ್ಚಿಗೆ ಬೇಡ. ನಡುವೆ ಬಾಯಿ ಶುದ್ಧವಾಗಲು ಕಡಕ್ ರೊಟ್ಟಿಯ ಚೂರು, ಬರೀ ರೊಟ್ಟಿ. ಶೇಂಗಾ ಚಟ್ನಿ ತಟ್ಟೆಗೆ ಬಂದರೆ ಆ ದಿನದ ಕೆಲಸ ಮುಗಿಯಿತು.

ವಕೀಲರು ಮೊದಲ ಸ್ಥಾನ ಕೊಟ್ಟದ್ದು ಇವಾನ್ ವಿಲಿಯಮ್ಸ್ ಬಿಳಿ ಲೇಬಲ್‌ಗೆ. ಅವರ ಸಿಂಗಲ್ ಮಾಲ್ಟ್ ಮೂರನೆಯದಾಯಿತು. ಲೋಟ ತಿರುಗಿಸಿ ತಳ ನೋಡಿದರು, ಹುಡುಗನ ಚೀಟಿ ನೋಡಿದರು. ‘ಸಾಹೇಬರೇ, ಲೋಟ ಅದಲುಬದಲಾಗಿರಬೇಕು, ಇನ್ನೊಮ್ಮೆ ಹಾಕಿಸಿ’ ಎಂದರು. ಮುಂದಿನ ವಾರ ಮತ್ತೆ ಹಾಕಿಸಿದೆ, ಮೊದಲ ಸ್ಥಾನ ಬದಲಾಗಲಿಲ್ಲ. ಮರಾಠಾ ರೆಜಿಮೆಂಟ್‌ನಿಂದ ನಿವೃತ್ತರಾದ ಸುಬೇದಾರರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ, ಜೀವಮಾನವೆಲ್ಲ ರಮ್. ಅವರು ಓಲ್ಡ್ ಗ್ರ್ಯಾಂಡ್‌ಡ್ಯಾಡ್ ಲೋಟ ಹಿಡಿದು ‘ಇದರಲ್ಲಿ ಮೆಣಸಿದೆ, ಇದು ನನಗಿರಲಿ’ ಎಂದರು. ಆ ಬಾಟಲಿ ಈಗ ಅವರ ಮನೆಯಲ್ಲೇ ಇದೆ. ಮನೆಯಲ್ಲಿ ಇಡಬಹುದಾದ ಮದ್ಯಕ್ಕೂ ಅಬಕಾರಿ ಮಿತಿ ಇರುವುದರಿಂದ ನಮ್ಮ ಸಂಗ್ರಹ ಹೀಗೆ ನಾಲ್ಕು ಮನೆಗಳಲ್ಲಿ ಹಂಚಿಕೊಂಡಿದೆ. ಆ ಮಿತಿಯೂ ಒಳ್ಳೆಯದೇ ಮಾಡಿತು, ಸುಮ್ಮನೆ ಜಾಗ ತಿನ್ನುವ ಬಾಟಲಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಇಡುವ ಬಗ್ಗೆ ಒಂದೆರಡು ಮಾತು. ಬಾಟಲಿ ನಿಂತೇ ಇರಬೇಕು, ಶೇ 50ರ ವಿಸ್ಕಿ ಬಿರಡೆಯನ್ನು ತಿಂದುಹಾಕುತ್ತದೆ. ಬೆಳಗಾವಿಯ ಹವೆಯಲ್ಲಿ ಚಿಂತೆಯಿಲ್ಲ. ವಿಜಯಪುರದಲ್ಲಿರುವ ನಮ್ಮ ಭಾವನವರ ಮನೆಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಅಲ್ಲಿ ಅರ್ಧ ಖಾಲಿಯಾದ ಬಾಟಲಿ ಒಂದೇ ಬೇಸಿಗೆಯಲ್ಲಿ ಸಪ್ಪೆಯಾಯಿತು. ಅರ್ಧಕ್ಕೆ ಬಂದ ಕೂಡಲೇ ನಾನು 180 ಮಿ.ಲೀ. ಕ್ವಾರ್ಟರ್ ಬಾಟಲಿಗಳಿಗೆ ಕಂಠಮಟ್ಟ ತುಂಬಿಡುತ್ತೇನೆ, ಗಾಳಿಗೆ ಜಾಗವಿರಬಾರದು. ಆ ಬಾಟಲಿಗಳ ಹಳೆಯ ವಾಸನೆ ತೆಗೆಯಲು ನನ್ನದೊಂದು ಉಪಾಯವಿದೆ. ಅದನ್ನು ಸುಬೇದಾರರಿಗೂ ಹೇಳಿಲ್ಲ, ಇಲ್ಲಿಯೂ ಬೇಡ.

ಓಕ್ ಪ್ರಯೋಗವನ್ನೂ ಮಾಡಿದೆ. ಬರ್ಬನ್ ಇಡುವ ಓಕ್ ಮರದ ಪೀಪಾಯಿಯ ಒಳಮೈಯನ್ನು ಸುಡುವುದರಲ್ಲಿ ನಾಲ್ಕನೇ ದರ್ಜೆ ಎಂದರೆ ಸುಮಾರು 55 ಸೆಕೆಂಡ್ ಬೆಂಕಿ. ಬೆಂಕಿ ನನ್ನ ಕೈಯೊಳಗಿನ ವಿದ್ಯೆ. ಅಣ್ಣನ ಮಗ ತಂದ ಓಕ್ ಚಕ್ಕೆಗಳನ್ನು ಬ್ಲೋಲ್ಯಾಂಪ್‌ನಲ್ಲಿ ಮೊಸಳೆಯ ಚರ್ಮದ ಹಾಗೆ ಬಿರಿಯುವವರೆಗೆ ಸುಟ್ಟು, ಇಲ್ಲಿನ ಅಗ್ಗದ ವಿಸ್ಕಿಯಲ್ಲಿ ಮುಳುಗಿಸಿ ಮೂರು ವಾರ ಇಟ್ಟೆ. ಬಣ್ಣ ಮಾತ್ರ ಕೆಂಟಕಿಯದು. ರುಚಿ ಬೇವಿನ ತೊಗಟೆ. ಮರ ಉಸಿರಾಡಬೇಕು, ಬೇಸಿಗೆ ಚಳಿಗಾಲಗಳಲ್ಲಿ ವಿಸ್ಕಿ ಅದರೊಳಗೆ ಹೋಗಿ ಬರಬೇಕು. ಅದಕ್ಕೆ ವರ್ಷಗಳೇ ಬೇಕು.

ಬೆಲ್ಲದ ಪ್ರಯೋಗ ಮಾತ್ರ ನಾನು ಹೆಮ್ಮೆಯಿಂದ ಬಡಿಸುವಂಥದ್ದು. ಮಹಾಲಿಂಗಪುರದ ಬೆಲ್ಲಕ್ಕೆ ಸಮತೂಕ ನೀರು ಹಾಕಿ ಕರಗಿಸಿ ಸೋಸಿ ಪಾಕ ಮಾಡಿಟ್ಟುಕೊಳ್ಳುತ್ತೇನೆ. 60 ಮಿ.ಲೀ. ರಿಟನ್‌ಹೌಸ್‌ಗೆ ಒಂದು ಚಮಚ ಪಾಕ, ಎರಡು ಹನಿ ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ), ಒಂದು ದೊಡ್ಡ ಮಂಜುಗಡ್ಡೆ, ಕಿತ್ತಳೆ ಸಿಪ್ಪೆಯನ್ನು ಮೇಲೆ ಹಿಂಡಿದರೆ ಓಲ್ಡ್ ಫ್ಯಾಶನ್ಡ್ ಎಂಬ ಕಾಕ್‌ಟೇಲ್ ಸಿದ್ಧ. ಬರ್ಬನ್‌ನಲ್ಲಿ ಇದೇ ಮಾಡಿದರೆ ಸಿಹಿಯ ಮೇಲೆ ಸಿಹಿಯಾಗುತ್ತದೆ, ರೈಯ ಖಾರಕ್ಕೇ ಬೆಲ್ಲ ಒಪ್ಪುವುದು. ಪಾಕ ಕುದಿಯುವಾಗ ಹಾಕುವ ಒಂದು ಮಸಾಲೆಯ ಹೆಸರನ್ನು ಬಿಟ್ಟಿದ್ದೇನೆ, ಹುಡುಕಿಕೊಳ್ಳಿ.

ದೀಪಾವಳಿಗೆ ಅಣ್ಣನ ಮಗ ಬರುತ್ತಿದ್ದಾನೆ. ‘ಕಾಕಾ, ಈ ಸಲ ಏನು ತರಲಿ?’ ಎಂದು ಕೇಳಿದ್ದಾನೆ. ಅರ್ಲಿ ಟೈಮ್ಸ್ ಬಾಂಡೆಡ್ ಒಂದು ಲೀಟರ್, ವೈಲ್ಡ್ ಟರ್ಕಿ 101 ರೈ ಒಂದು ಲೀಟರ್ ಎಂದು ಬರೆದು ಕಳಿಸಿದ್ದೇನೆ. ರೈ ಲೀಟರ್‌ನಲ್ಲಿ ಸಿಗದಿದ್ದರೆ ಓಲ್ಡ್ ಓವರ್‌ಹೋಲ್ಟ್ ಬಾಂಡೆಡ್ ಹುಡುಕಬೇಕು. ಎರಡಕ್ಕೂ ಸೇರಿ ಅರವತ್ತು ಡಾಲರ್ ದಾಟಬಾರದು. ರಸೀದಿ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ, ಬಾಟಲಿ ಮಾತ್ರ ಚೆಕ್-ಇನ್ ಸೂಟ್‌ಕೇಸಿನ ನಡುವೆ.